ಡಬ್ಬಿಯ ಮೇಲಿನ ಕೈ

ಬೋರ್ಡು ಬರೆಯುವ ಏಸುಬಾಬು ಕುಂಚವನ್ನು ಕೆಂಪು ಬಣ್ಣದಲ್ಲಿ ಅದ್ದಿ ಹಿಡಿದು, "ಹೇಳಕ್ಕ, ಯಾವ ದೇವರ ಹೆಸರು ಬರೀಲಿ?" ಅಂದ.

"ದೇವರಿಗೆ ಯಾಕಪ್ಪ ತೊಂದ್ರೆ? ಭೂಲಕ್ಷ್ಮಿ ಪೂತರೇಕು ಅಂಗಡಿ ಅಂತ ಬರಿ."

"ನಿನ್ನ ಹೆಸರೇ ಬರೀಲಾ?"

"ಮತ್ತೇನು, ನಿಮ್ಮಪ್ಪನ ಹೆಸರಾ? ಹೊಗೆ ಕುಡಿಯೋಳು ನಾನು, ಕೈ ಸುಟ್ಕೊಳ್ಳೋಳು ನಾನು. ಬರಿ ಸುಮ್ನೆ."

"ಕೋಪ ಮಾಡ್ಕೋಬೇಡಕ್ಕ. ಈ ಬೀದೀಲಿರೋ ಬೋರ್ಡೆಲ್ಲ ನಾನೇ ಬರೆದಿದ್ದು. ಒಂದೋ ದೇವರ ಹೆಸರು, ಇಲ್ಲ ಗಂಡಸರ ಹೆಸರು, ಅದೂ ಬಿಟ್ರೆ ಸತ್ತುಹೋದ ಅಜ್ಜಿ ಹೆಸರು. ಬದುಕಿರೋ ಹೆಂಗಸಿನ ಹೆಸರು ಬರೀತಿರೋದು ಇದೇ ಮೊದಲು."

"ಹಾಗಿದ್ರೆ ಇನ್ನೂ ಸ್ವಲ್ಪ ದಪ್ಪಗೆ ಬರಿ" ಅಂದೆ.

ಏಸುಬಾಬು ದಪ್ಪಗೇ ಬರೆದ. ಆದರೆ ಅವನು ಬಾಯಲ್ಲಿ ಹೇಳದೆ ನುಂಗಿಕೊಂಡ ಮಾತು ನನಗೆ ಗೊತ್ತಿತ್ತು. ಹೆಂಗಸಿನ ಹೆಸರಾದರೆ ಹೇಗೋ ನಡೆದೀತು, ಗಂಡ ಸತ್ತವಳ ಹೆಸರು ಸಿಹಿ ಅಂಗಡಿಯ ನೆತ್ತಿಯ ಮೇಲೆ ನಿಂತೀತೆ? ಆ ಪ್ರಶ್ನೆಗೆ ಉತ್ತರ ಕೊಡಲಿಕ್ಕೇ ನಾನು ಬೋರ್ಡು ಬರೆಸಿದ್ದು.

ನಮ್ಮ ಆತ್ರೇಯಪುರದಲ್ಲಿ ಪೂತರೇಕು ಮಾಡುವುದು ಹೊಸ ವಿದ್ಯೆಯೇನಲ್ಲ. ಬೋರಲು ಹಾಕಿದ ಮಡಕೆ, ಅದರ ಹೊಟ್ಟೆಯೊಳಗೆ ಒಣಗಿದ ತೆಂಗಿನ ಗರಿಯ ಉರಿ. ಅಕ್ಕಿಹಿಟ್ಟಿನ ನೀರಲ್ಲಿ ಬಟ್ಟೆ ಅದ್ದಿ ಮಡಕೆಯ ಬೆನ್ನ ಮೇಲೆ ಒಂದು ಸಲ ಎಳೆದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಈರುಳ್ಳಿ ಪೊರೆಯಂಥ ಹಾಳೆ ಎದ್ದು ಬರುತ್ತದೆ. ಅದೇ ರೇಕು. ಅದಕ್ಕೆ ತುಪ್ಪ ಸವರಿ, ಬೆಲ್ಲದ ಪುಡಿ ಉದುರಿಸಿ ಸುತ್ತಿದರೆ, ಬಾಯಲ್ಲಿ ಇಟ್ಟದ್ದು ಎಲ್ಲಿ ಹೋಯಿತೆಂದು ನಾಲಿಗೆ ಹುಡುಕಬೇಕು. ಇಷ್ಟು ಕೆಲಸವನ್ನು ನಾನು ದೊರಬಾಬು ಅಂಗಡಿಯ ಹಿತ್ತಿಲಲ್ಲಿ ಇಪ್ಪತ್ತು ವರ್ಷ ಮಾಡಿದೆ.

ಗಂಡ ಜ್ವರದಲ್ಲಿ ಹೋದಾಗ ನನಗಿನ್ನೂ ಚಿಕ್ಕ ವಯಸ್ಸು. ದೊರಬಾಬುವಿನ ತಾಯಿ ಮಾಣಿಕ್ಯಮ್ಮನವರೇ ನನ್ನನ್ನು ಕರೆಸಿ ಹಿತ್ತಿಲ ಚಪ್ಪರದಡಿಯ ಮಡಕೆ ತೋರಿಸಿದ್ದರು. ಹಣೆಯಲ್ಲಿ ಕಾಸಿನಗಲ ಕುಂಕುಮ, ಮೊಣಕೈವರೆಗೆ ಬಳೆ, ಆಗ ಅವರನ್ನು ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತಿತ್ತು. "ಇಲ್ಲಿ ಕೂತ್ಕೊಂಡು ರೇಕು ಎಳಿ ತಾಯಿ. ನಿನ್ನ ಹೊಟ್ಟೆಗೆ ಮೋಸ ಇಲ್ಲ. ಆದ್ರೆ ಸಾರೆ ಹೇಳೋಕೆ ಜನ ಬಂದಾಗ ಮುಂದೆ ಮಾತ್ರ ಬರಬೇಡ" ಅಂದಿದ್ದರು.

ಸಾರೆ ಅಂದರೆ ಮದುವೆಯಾದ ಮಗಳ ಜೊತೆ ಗಂಡನ ಮನೆಗೆ ಹೋಗುವ ಸಿಹಿ. ನಮ್ಮ ಗೋದಾವರಿ ಸೀಮೆಯಲ್ಲಿ ಅದೇನು ಒಂದೆರಡು ತಟ್ಟೆಯ ಮಾತಲ್ಲ, ಗಂಡಿನ ಊರಿನ ಮನೆಮನೆಗೂ ಹಂಚಬೇಕು. ಬಾಗಿಲಿಗೆ ಬಂದ ಸಾರೆಯನ್ನು ಯಾರೂ ಬೇಡ ಅನ್ನುವಂತಿಲ್ಲ. ಹಗೆಯ ಮನೆಯಿಂದ ಬಂದರೂ ಸೆರಗೊಡ್ಡಿ ತೆಗೆದುಕೊಳ್ಳಬೇಕು. ತಿರುಗಿಸಿ ಕಳಿಸಿದವರ ಮನೆಯ ಹೆಣ್ಣುಮಕ್ಕಳು ತವರಿನ ಸಿಹಿ ಕಾಣುವುದಿಲ್ಲ ಎಂದು ನಂಬಿಕೆ.

ಹಾಗಾಗಿ ಹಿಂದೆ ನಾನು ರೇಕು ಎಳೆಯುತ್ತಿದ್ದೆ, ಮುಂದೆ ಮುತ್ತೈದೆಯರು ಕೂತು ಸುತ್ತುತ್ತಿದ್ದರು. ನನ್ನ ಕೈಯ ಅಮಂಗಳವೆಲ್ಲ ಹಿತ್ತಿಲ ಬಾಗಿಲಿನಿಂದ ಅಂಗಡಿಗೆ ಬರುವ ನಾಲ್ಕು ಹೆಜ್ಜೆಯಲ್ಲಿ ಅದೆಲ್ಲಿ ಉದುರಿ ಹೋಗುತ್ತಿತ್ತೋ! ನಾನೂ ಕೇಳಲಿಲ್ಲ. ಹೊಗೆಯಲ್ಲಿ ಕೂತವಳಿಗೆ ಹೊಟ್ಟೆಯ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆ ಹುಟ್ಟುವುದಿಲ್ಲ.

ಹುಟ್ಟಿದ್ದು ಹೈದರಾಬಾದಿನ ವಸ್ತುಪ್ರದರ್ಶನದಲ್ಲಿ. ಜನರ ಮುಂದೆ ರೇಕು ಎಳೆದು ತೋರಿಸಬೇಕು ಅಂತ ದೊರಬಾಬು ನನ್ನನ್ನು ಕರೆದುಕೊಂಡು ಹೋದ. ಮಳಿಗೆಯಲ್ಲಿ ಮಡಕೆ ಹೂಡುವ ಮೊದಲು ಒಂದು ಕಾಗದದ ಪೊಟ್ಟಣ ಕೈಗಿಟ್ಟ. ಬಿಚ್ಚಿದರೆ ಹಸಿರು ಗಾಜಿನ ಬಳೆ.

"ಇಲ್ಲಿ ಎಲ್ರೂ ಫೋಟೋ ತೆಗೀತಾರೆ ಭೂಲಕ್ಷ್ಮಿ. ಬೋಳು ಕೈ ಚೆನ್ನಾಗಿ ಕಾಣಲ್ಲ. ಹಾಕ್ಕೊ. ಒಂದು ಬೊಟ್ಟೂ ಇಟ್ಕೊ."

"ಆಮೇಲೆ?"

"ಆಮೇಲೇನು, ಊರಿಗೆ ಹೋಗೋವಾಗ ತೆಗೆದಿಡೋದು."

ಸುಳ್ಳು ಯಾಕೆ ಹೇಳಲಿ, ಹಾಕಿಕೊಂಡೆ. ಬಟ್ಟೆ ಎಳೆದಾಗಲೆಲ್ಲ ಬಳೆ ಘಲ್ಲೆನ್ನುತ್ತಿದ್ದರೆ ಖುಷಿಯೂ ಆಯಿತು. ಪಟ್ಟಣದ ಹೆಂಗಸರು ಬಾಯಿ ಬಿಟ್ಟುಕೊಂಡು ನೋಡಿದರು, ಚಪ್ಪಾಳೆ ತಟ್ಟಿದರು, ಒಬ್ಬಳು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ವಾಪಸು ಬರುವಾಗ ರಾವುಲಪಾಲೆಂ ದಾಟುತ್ತಿದ್ದಂತೆ ದೊರಬಾಬು ಹಿಂದಿನ ಸೀಟಿನಿಂದ, "ತೆಗಿ ತೆಗಿ, ಊರು ಬಂತು" ಅಂದ.

ತೆಗೆದೆ. ತಿಂಗಳಾದ ಮೇಲೆ ಅವನ ಅಂಗಡಿಗೆ ಹೊಸ ರಟ್ಟಿನ ಡಬ್ಬಿಗಳು ಬಂದವು. ಮೇಲೆ ಬಣ್ಣಬಣ್ಣದ ಚಿತ್ರ: ಮಡಕೆ, ಮಡಕೆಯ ಮೇಲೆ ರೇಕು, ರೇಕು ಎತ್ತುತ್ತಿರುವ ಹಸಿರು ಬಳೆಯ ಕೈ. ಮೊಣಕೈ ಆದಮೇಲೆ ಏನೂ ಇಲ್ಲ. ಹೆಬ್ಬೆರಳ ಬುಡದಲ್ಲಿ ಹುಣಸೆ ಬೀಜದಷ್ಟು ಸುಟ್ಟ ಕಲೆ ಮಾತ್ರ ಹಾಗೇ ಇತ್ತು.

"ಇದು ನನ್ನ ಕೈ ಅಲ್ವಾ ಬಾಬು?"

"ಹೂಂ, ನೋಡು ಎಷ್ಟು ಲಕ್ಷಣವಾಗಿ ಬಂದಿದೆ!"

"ಮುಖ ಎಲ್ಲೋಯ್ತು?"

ಅವನು ನಕ್ಕ. "ಮುಖ ಯಾರಿಗೆ ಬೇಕಮ್ಮ?"

ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಇಪ್ಪತ್ತು ವರ್ಷ ಕೆಸರೆಲ್ಲ ನನ್ನದು, ಮೊಸರೆಲ್ಲ ಅವನದು ಆಗಿತ್ತು. ಅದನ್ನಾದರೂ ಸಹಿಸಿದ್ದೆ. ನನ್ನ ಕೈಯನ್ನು ನನ್ನಿಂದ ಕತ್ತರಿಸಿ, ಬಳೆ ತೊಡಿಸಿ, ಡಬ್ಬಿಗೆ ಅಂಟಿಸಿಕೊಂಡದ್ದನ್ನು ಸಹಿಸಲಾಗಲಿಲ್ಲ. ಅವತ್ತೇ ಉರಿ ಆರಿಸಿ ಎದ್ದೆ.

"ಉಂಡ ಮನೆಗೆ ಎರಡು ಬಗೀತೀಯಾ?" ಅಂತ ಕೂಗಾಡಿದ. "ರೇಕು ಎಳೆಯೋಕೆ ಬಂದ್ರೆ ವ್ಯಾಪಾರ ಬಂದ ಹಾಗಾ? ಎಷ್ಟು ದಿನ ನಡೆಸ್ತೀಯೋ ನಾನೂ ನೋಡ್ತೀನಿ!"

"ನೋಡಿ ಬಾಬು. ಕಣ್ಣಿರೋದೇ ನೋಡೋಕೆ" ಅಂದು ಬಂದೆ.

ಹೇಳಿದಷ್ಟು ಸಲೀಸಾಗಿ ಏನೂ ನಡೆಯಲಿಲ್ಲ. ಕಾಲುವೆ ರಸ್ತೆಯಲ್ಲಿ ನನ್ನ ತಮ್ಮ ಸತ್ತಿಬಾಬುವಿನ ಮನೆ. ಅದರ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡೆ. ಮೊದಲ ಮಡಕೆಗೆ ಅವಸರದಲ್ಲಿ ಉರಿ ಜಾಸ್ತಿ ಕೊಟ್ಟು, ಅದು ಟಪ್ಪೆಂದು ಎರಡು ಹೋಳಾಯಿತು. ಎರಡನೆಯದು ಹೊಸ ಅತ್ತೆಯ ಹಾಗೆ, ಏನು ಮಾಡಿದರೂ ಒಪ್ಪದು. ಬಟ್ಟೆ ಎಳೆದರೆ ರೇಕು ಹರಿಯುತ್ತದೆ, ಎತ್ತಲು ಹೋದರೆ ಅಂಟುತ್ತದೆ. ದೊರಬಾಬುವಿನ ಹಿತ್ತಿಲಲ್ಲಿ ನಾನು ಪಳಗಿಸಿ ಬಿಟ್ಟು ಬಂದ ಮಡಕೆಯನ್ನು ನೆನೆದು ಹೊಟ್ಟೆ ಉರಿಯಿತು. ತುಪ್ಪದವನು ನನ್ನ ಮುಖ ನೋಡಿ ನೀರು ತುಪ್ಪ ಕೊಟ್ಟ. ಇರುವೆ ಬೆಲ್ಲ ತಿಂದವು. ಕೂಲಿಯವಳಾಗಿದ್ದಾಗ ಸಂಜೆ ಕೈ ತೊಳೆದರೆ ಮುಗಿಯುತ್ತಿತ್ತು, ಯಜಮಾನಿಯಾದ ಮೇಲೆ ಮುಖ ತೊಳೆಯಲೂ ಪುರುಸೊತ್ತಿಲ್ಲ.

ತಮ್ಮನ ಹೆಂಡತಿ ಮಂಗತಾಯಾರು ಇರದಿದ್ದರೆ ಬಾಗಿಲು ಹಾಕುತ್ತಿದ್ದೆನೋ ಏನೋ. ನಾನು ಎಳೆದದ್ದನ್ನು ಅವಳು ಸುತ್ತುತ್ತಿದ್ದಳು, ಹರಿದದ್ದನ್ನು ಇಬ್ಬರೂ ತಿನ್ನುತ್ತಿದ್ದೆವು. "ಅತ್ತಿಗೆ, ಹೀಗೇ ಹರೀತಾ ಇದ್ರೆ ವ್ಯಾಪಾರ ಆಗುತ್ತೋ ಇಲ್ವೋ, ನಾವಿಬ್ರೂ ಗುಂಡಗಂತೂ ಆಗ್ತೀವಿ" ಅನ್ನುತ್ತಿದ್ದಳು.

ಕೊನೆಗೊಂದು ದಿನ ಮಡಕೆ ಒಲಿಯಿತು. ಅದೇ ವಾರ ಒಬ್ಬ ಲಾರಿ ಡ್ರೈವರ್ ಗಾಡಿ ನಿಲ್ಲಿಸಿ, ನಿಂತಲ್ಲೇ ಒಂದು ತಿಂದು, ಕಣ್ಣು ಮುಚ್ಚಿ ತೆರೆದು, "ಇನ್ನೊಂದು ಕೊಡಿ ಯಜಮಾನಿ" ಅಂದ. ಯಜಮಾನಿ! ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಕೊಟ್ಟು ಒಳಗೆ ಹೋಗಿ ಅತ್ತುಬಿಟ್ಟೆ. ಮಂಗತಾಯಾರು ಕೇಳಿದ್ದಕ್ಕೆ ಹೊಗೆ ಅಂದೆ.

ಮದುವೆಯ ಕಾಲ ಬಂತು. ಪಕ್ಕದ ಊರಿನ ವೀರ್ರಾಜುಗಾರು ಕಿರಿಯ ಮಗಳ ಸಾರೆಗೆ ಹೇಳಲು ದೊರಬಾಬು ಅಂಗಡಿಗೆ ಹೊರಟವರು, ದಾರಿಯಲ್ಲಿ ನನ್ನ ಬೋರ್ಡು ನೋಡಿ ಇಳಿದರು. ಒಂದು ತಿಂದರು. ಎರಡನೆಯದನ್ನು ಕೇಳಿ ತಿಂದರು. "ಇಡೀ ಊರಿಗೆ ಹಂಚೋ ಸಾರೆ. ಆಗುತ್ತೇನಮ್ಮ?" ಅಂದರು. "ಆಗದೆ ಏನು!" ಅಂದುಬಿಟ್ಟೆ. ಊರಿಡೀ ಮನೆಮನೆಗೆ ನನ್ನ ಹೆಸರಿನ ಸಿಹಿ ಹೋದರೆ ಇನ್ನು ಅಂಗಡಿಯನ್ನು ಅಲ್ಲಾಡಿಸುವವರು ಯಾರು? ಅವತ್ತಿನಿಂದಲೇ ರೇಕು ಎಳೆಯಲು ಕೂತೆ. ಬಿದಿರ ಬುಟ್ಟಿಗಳು ತುಂಬಿ, ಕೋಣೆ ತುಂಬಿ, ಸತ್ತಿಬಾಬು ಮಲಗುವ ಮಂಚದ ಮೇಲೂ ರೇಕು ಬಂತು.

ಎಲ್ಲ ಎಳೆದು ಮುಗಿಯುವ ಹೊತ್ತಿಗೆ ವೀರ್ರಾಜುಗಾರು ಮತ್ತೆ ಬಂದರು. ಬಂದವರು ಕೂರಲಿಲ್ಲ, ಬೋರ್ಡನ್ನೂ ನೋಡಲಿಲ್ಲ.

"ನೋಡಮ್ಮ, ನಾನೇನೂ ಹಳೇ ಕಾಲದವನಲ್ಲ. ಆದ್ರೆ ದೊರಬಾಬು ಹೇಳ್ದ... ಮನೇಲಿ ಹೆಂಗಸರಿಗೂ ಗೊತ್ತಾಯ್ತು. ಹೆಣ್ಣು ಕಳಿಸೋ ಶುಭಕಾರ್ಯ. ಗಂಡಿನ ಕಡೆಯವರು ಹೆಸರು ನೋಡಿ ಏನಾದ್ರೂ ಅಂದ್ರೆ?"

"ಏನಂತಾರೆ?"

"ಹಾವೂ ಸಾಯಬಾರದು, ಕೋಲೂ ಮುರೀಬಾರದು. ಒಂದು ದಾರಿ ಹೇಳ್ತೀನಿ ಕೇಳು. ಬೋರ್ಡಿಗೆ ಈ ಮಂಗತಾಯಾರು ಹೆಸರು ಬರೆಸು. ಮುತ್ತೈದೆ, ಲಕ್ಷಣವಾಗಿದ್ದಾಳೆ. ಮೊದಲ ಡಬ್ಬಿ ಅವಳ ಕೈಯಿಂದ ಕೊಡಿಸು. ನೀನು ಹಿಂದೆ ಕೂತ್ಕೊಂಡು ಯಥಾಪ್ರಕಾರ ರೇಕು ಎಳಿ. ವ್ಯಾಪಾರ ನಿಂದೇ, ಲಾಭ ನಿಂದೇ."

ಯಥಾಪ್ರಕಾರ! ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ಆದರೂ ಬಾಯಿ ತಕ್ಷಣ ತೆರೆಯಲಿಲ್ಲ. ಮನೆ ತುಂಬ ರೇಕು ಇತ್ತು, ಬೇರೆ ಗಿರಾಕಿ ಇರಲಿಲ್ಲ. ಸತ್ತಿಬಾಬು ಮೆಲ್ಲನೆ, "ಒಪ್ಕೋ ಅಕ್ಕ. ಹೆಸರಲ್ಲೇನಿದೆ? ಮನೆಯವಳದೇ ಅಲ್ವಾ" ಅಂದ.

ಬೆಲ್ಲ ಪುಡಿ ಮಾಡುತ್ತಿದ್ದ ಮಂಗತಾಯಾರು ತಲೆ ಎತ್ತಿದಳು. "ನನ್ನ ಹೆಸರು ಬೇಡ. ಇವತ್ತು ಈ ಮನುಷ್ಯ ಉಸಿರಾಡ್ತಿದಾನೆ ಅಂತ ನನ್ನ ಹೆಸರು. ನಾಳೆ ಇವನಿಗೇನಾದ್ರೂ ಆದ್ರೆ ಆಗ ಬೋರ್ಡು ಯಾರ ಹೆಸರಿಗೆ ಬರೆಸೋದು?"

"ಏಯ್! ಬಿಡ್ತು ಅನ್ನೇ!" ಅಂತ ಸತ್ತಿಬಾಬು ಎದೆ ಮುಟ್ಟಿಕೊಂಡ.

ಅವಳ ಮಾತಿಗೆ ನನ್ನ ಬಾಯಿ ಬಿಚ್ಚಿತು. ಅವತ್ತು ಎದ್ದು ಬರುವಾಗ ಎತ್ತಿಕೊಂಡು ಬಂದಿದ್ದ ದೊರಬಾಬುವಿನ ಡಬ್ಬಿಯನ್ನು ಕಪಾಟಿನಿಂದ ತಂದು ವೀರ್ರಾಜುಗಾರ ಮುಂದಿಟ್ಟೆ.

"ಇದು ಯಾರ ಕೈ, ಹೇಳಿ?"

"ಯಾರೋ ಮುತ್ತೈದೆಯದು."

ಅದರ ಪಕ್ಕ ನನ್ನ ಬೋಳು ಕೈ ಚಾಚಿದೆ. ಹೆಬ್ಬೆರಳ ಬುಡದ ಕಲೆಯನ್ನು ನೋಡಿದರು, ಡಬ್ಬಿಯ ಮೇಲಿನ ಕಲೆಯನ್ನು ನೋಡಿದರು, ಮತ್ತೆ ನನ್ನ ಕೈ ನೋಡಿದರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

"ನಿಮ್ಮ ದೊಡ್ಡ ಮಗಳ ಸಾರೆ ದೊರಬಾಬು ಅಂಗಡೀದಲ್ವಾ? ಅದರ ಒಂದೊಂದು ರೇಕೂ ಈ ಕೈಯಿಂದ ಎದ್ದಿದ್ದು. ಮಗಳು ಹೇಗಿದಾಳೆ?"

"ಚೆನ್ನಾಗಿದಾಳೆ. ಎರಡು ಮಕ್ಕಳು..."

"ಅಳಿಯಂದ್ರು?"

"ಗಟ್ಟಿಮುಟ್ಟಾಗಿದಾನೆ."

"ಹಾಗಿದ್ರೆ ನನ್ನ ಕೈ ಯಾರನ್ನೂ ತಿಂದಿಲ್ಲ. ಹಿತ್ತಿಲಲ್ಲಿದ್ದಾಗ ಮಂಗಳ, ಬೀದಿಗೆ ಬಂದ್ರೆ ಅಮಂಗಳ, ಅದ್ಯಾವ ಸೀಮೆ ಶಾಸ್ತ್ರ ವೀರ್ರಾಜುಗಾರು? ಬೋರ್ಡು ಇಳಿಯಲ್ಲ. ಸಾರೆ ಬೇಕಾದ್ರೆ ಭೂಲಕ್ಷ್ಮಿ ಹೆಸರಲ್ಲೇ ಹೋಗುತ್ತೆ. ಬೇಡವಾದ್ರೆ ದಾರಿ ಅಗಲವಾಗಿದೆ."

ವೀರ್ರಾಜುಗಾರು ತಲೆ ತಗ್ಗಿಸಿಕೊಂಡು ಹೋದರು, ಹೋದದ್ದು ದೊರಬಾಬು ಅಂಗಡಿಗೇ. ಸತ್ತಿಬಾಬು ನನ್ನ ಜೊತೆ ಮಾತು ಬಿಟ್ಟು, ರೇಕಿನ ಬುಟ್ಟಿಗಳ ನಡುವೆ ಚಾಪೆ ಹಾಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದ.

ಮರುದಿನ ಬೆಳಿಗ್ಗೆ ದೊರಬಾಬುವಿನ ಗುಮಾಸ್ತ ಅಬ್ಬುಲು ಸೈಕಲ್ ಮೇಲೆ ಬಂದು, ಕಾಲು ಕೆಳಗಿಡದೆ ಕೇಳಿದ. "ಭೂಲಕ್ಷ್ಮಕ್ಕ, ನಿನ್ನ ಹತ್ರ ಎಳೆದಿಟ್ಟಿರೋ ರೇಕು ಬೇಕಾದಷ್ಟಿದೆಯಂತೆ. ನಮ್ಮ ಬಾಬು ಒಳ್ಳೇ ರೇಟು ಕೊಡ್ತಾರೆ. ಅರ್ಜೆಂಟಾಗಿ ಒಂದು ಸಾರೆ ಬಂದಿದೆ."

"ಯಾವ ಸಾರೆ?"

ಅಬ್ಬುಲು ಹಿಂದೆ ಮುಂದೆ ನೋಡಿ ಹಲ್ಲು ಕಿರಿದ. "ಅದೇ... ವೀರ್ರಾಜುಗಾರದು."

ನನಗೆ ನಗು ಬಂತು. ನಕ್ಕೆ. ಮಂಗತಾಯಾರೂ ನಕ್ಕಳು. ಗೋಡೆ ಕಡೆ ತಿರುಗಿ ಮಲಗಿದ್ದ ಸತ್ತಿಬಾಬು ಎದ್ದು ಕೂತು, "ಅಂದ್ರೆ ನಮ್ಮ ರೇಕೇ ಬೇಕು, ನಮ್ಮ ಹೆಸರು ಬೇಡ. ಥೂ, ಇವರ ಮುಖಕ್ಕಿಷ್ಟು!" ಅಂದ. ತಮ್ಮನಿಗೆ ಕೊನೆಗೂ ಕಣ್ಣು ಬಿಟ್ಟಿತು.

"ಕಾಲುವೆಗಾದ್ರೂ ಸುರೀತೀನಿ, ನಿಮ್ಮ ಬಾಬುಗೆ ಒಂದು ಚೂರೂ ಕೊಡಲ್ಲ ಅಂತ ಹೇಳು" ಅಂದೆ.

ಅವನು ಹೋದ ಮೇಲೆ ಬುಟ್ಟಿಗಳ ಮುಂದೆ ಕೂತೆ. ಸಿಟ್ಟಿನಲ್ಲಿ ಆಡಿದ ಮಾತು ಚೆನ್ನಾಗಿತ್ತು, ಆದರೆ ಅಷ್ಟು ರೇಕನ್ನು ನಿಜವಾಗಿ ಕಾಲುವೆಗೆ ಸುರಿಯಲಾದೀತೆ? ಮೂಡಣ ಗಾಳಿ ಬಿಟ್ಟರೆ ಮೆತ್ತಗಾಗಿ ಎಲ್ಲ ಹಾಳು. ಆಗ ಹೊಳೆಯಿತು. ಮಂಗತಾಯಾರು ಕಡೆ ತಿರುಗಿ, "ತುಪ್ಪ ಕಾಯಿಸು. ಎಲ್ಲಾನೂ ಸುತ್ತೋಣ" ಅಂದೆ.

"ಯಾರಿಗೆ ಅತ್ತಿಗೆ?"

"ಊರಿಗೆ. ನನ್ನ ಅಂಗಡಿ ಸಾರೆ. ಬಾಗಿಲಿಗೆ ಬಂದ ಸಾರೇನ ಯಾರು ಬೇಡ ಅಂತಾರೋ ನೋಡ್ತೀನಿ."

ಸತ್ತಿಬಾಬು ಹೆಂಡತಿಯ ಮುಖ ನೋಡಿದ. ಆಮೇಲೆ ಅವನೇ ಕೈ ತೊಳೆದು ಬಂದು ಸುತ್ತಲು ಕೂತ. ಅವನು ಸುತ್ತಿದ್ದು ಹಾಸಿಗೆ ಸುತ್ತಿದ ಹಾಗಿತ್ತು, ಅವನ್ನು ಕೆಳಗೆ ಹಾಕಿ ಮೇಲೆ ನಮ್ಮವನ್ನು ಜೋಡಿಸಿದೆವು. ಡಬ್ಬಿಗಳ ಮೇಲೆ ಚಿತ್ರವಿರಲಿಲ್ಲ, ಏಸುಬಾಬು ಕೆಂಪಗೆ ಬರೆದುಕೊಟ್ಟ ನನ್ನ ಹೆಸರಿತ್ತು.

ಹೊಸ ಸೀರೆ ಉಟ್ಟು ಬುಟ್ಟಿ ಹೊತ್ತು ಹೊರಟೆ. ಬಳೆ ಹಾಕಲಿಲ್ಲ, ಬೊಟ್ಟು ಇಡಲಿಲ್ಲ. ಮೊದಲ ಮನೆಯವಳು ಬಾಗಿಲಲ್ಲಿ ನನ್ನನ್ನು ಕಂಡು ಹಿಂದೆ ಸರಿದಳು.

"ಏನೇ ಭೂಲಕ್ಷ್ಮಿ ಇದು?"

"ಸಾರೆ."

"ಯಾರ ಮದುವೆದು?"

"ನನ್ನ ಅಂಗಡೀದು. ತಗೋತೀಯೋ, ತಿರುಗಿಸಿ ಕಳಿಸ್ತೀಯೋ?"

ಅವಳು ಬೀದಿ ನೋಡಿದಳು, ಒಳಗೆ ಆಡುತ್ತಿದ್ದ ತನ್ನ ಮಗಳನ್ನು ನೋಡಿದಳು. ಸೆರಗು ಒಡ್ಡಿದಳು.

ಆಮೇಲೆ ಬೀದಿಯೇ ಒಡ್ಡಿತು. ಕೆಲವರು ಗೊಣಗುತ್ತ, ಕೆಲವರು ನಗುತ್ತ, ಒಬ್ಬಳು "ಅಂತೂ ಜಗಳಗಂಟಿ ಸಾರೇನೂ ತಿನ್ನಿಸ್ದೆ ಬಿಡ್ಲಿಲ್ಲ" ಅನ್ನುತ್ತ. ಬಾಗಿಲು ಹಾಕಿಕೊಂಡವರೂ ಇದ್ದರು, ಅವರ ಜಗಲಿಯ ಮೇಲೆ ಇಟ್ಟು ಬಂದೆ.

ಕೊನೆಯದು ದೊರಬಾಬುವಿನ ಮನೆ. ಅವನ ಹೆಂಡತಿ ಕನಕರತ್ನ ಹೊಸಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ನಿಂದೆಂಥ ಸಾರೆಯೇ? ನಾಚಿಕೆ ಆಗಲ್ವಾ? ತಗೊಂಡು ಹೋಗು. ಮಂಗಳ ಯಾವುದು ಅಮಂಗಳ ಯಾವುದು ಅಂತ ಗೊತ್ತಿರೋ ಮನೆ ಇದು!"

ನಾನು ಬಾಯಿ ತೆರೆಯುವ ಮೊದಲೇ ಒಳಗಿನ ಕತ್ತಲ ಕೋಣೆಯಿಂದ ಕೋಲಿನ ಸದ್ದು ಬಂತು. ಮಾಣಿಕ್ಯಮ್ಮನವರು. ಅವರ ಯಜಮಾನರು ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಅದಾದ ಮೇಲೆ ನಾನು ಅವರನ್ನು ಮುಂದಿನ ಬಾಗಿಲಲ್ಲಿ ಕಂಡೇ ಇರಲಿಲ್ಲ. ಕಾಸಿನಗಲ ಕುಂಕುಮದ ಜಾಗದಲ್ಲಿ ಬರಿ ಹಣೆ. ಮೊಣಕೈವರೆಗೆ ಬಳೆಯಿದ್ದ ಕೈ ನನ್ನ ಕೈಯ ಹಾಗೇ ಬೋಳಾಗಿತ್ತು.

"ಅತ್ತೆ, ನೀವು ಒಳಗಿರಿ. ಜನ ನೋಡ್ತಾರೆ" ಅಂದಳು ಸೊಸೆ.

"ನೋಡ್ಲಿ. ನನ್ನ ಮೊಮ್ಮಗಳ ಮದುವೇಲೂ ನೋಡಬಾರ್ದು ಅಂತ ಒಳಗೇ ಇಟ್ರಿ. ಈ ಸಾರೇನೂ ನಾನು ನೋಡಬಾರ್ದಾ?" ಸೊಸೆಯನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿ ಹೊಸಿಲಿಗೆ ಬಂದರು. "ಮುಂದೆ ಬರಬೇಡ ಅಂತ ಹೇಳಿದೋಳು ನಾನೇ ಅಲ್ವೇನೇ?"

"ಹೌದಮ್ಮ, ನೀವೇ."

"ಬಂದೆಯಲ್ಲ, ಒಳ್ಳೇದಾಯ್ತು ಬಿಡು" ಅಂದು ಸೆರಗೊಡ್ಡಿದರು. ಅಲ್ಲೇ ಡಬ್ಬಿ ಬಿಚ್ಚಿ ಒಂದನ್ನು ಬಾಯಿಗಿಟ್ಟರು. ಹಲ್ಲಿಲ್ಲದ ಬಾಯಿಗೆ ಪೂತರೇಕಿಗಿಂತ ಹಿತವಾದದ್ದು ಯಾವುದಿದೆ? ಕಣ್ಣಲ್ಲಿ ನೀರು ಬಂತು. ಅದು ಹೊಗೆ ಅನ್ನಲು ಅಲ್ಲಿ ಹೊಗೆಯಿರಲಿಲ್ಲ.

"ನಿನ್ನ ಅಂಗಡೀಲಿ ಕೂರೋಕೆ ಒಂದು ಕುರ್ಚಿ ಇದೆಯೇನೇ?"

"ಇದೆ. ಆದ್ರೆ ಮುಂದೆ ಇದೆ."

"ಅಲ್ಲೇ ಬೇಕು" ಅಂದರು.

ಮರುದಿನ ಬಂದೇ ಬಂದರು. ದೊರಬಾಬು ಬಂದು ಬೇಡಿಕೊಂಡ, ಗದರಿದ, ಮಾನ ಹೋಯಿತು ಅಂತ ಅತ್ತ. "ಹಿತ್ತಿಲಲ್ಲಿದ್ದ ಮಾನ ಬೀದಿಗೆ ಬಂದಿದೆ, ಹೋಗಿಲ್ಲ. ನೀನು ನಡಿ" ಅಂದರು ತಾಯಿ. ನಾನು ಮುಂದಿನ ಕೋಣೆಯಲ್ಲೇ ಹೂಡಿದ್ದ ಒಲೆಯ ಮುಂದೆ ಕೂತು ಕೇಳಿಸಿಕೊಂಡೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಮಾರನೆಯ ದಿನ ವೀರ್ರಾಜುಗಾರ ಕಾರು ನಿಂತಿತು. ದೊರಬಾಬು ಹೊಸಬಳೊಬ್ಬಳ ಕೈಯಲ್ಲಿ ಎಳೆಸಿದ ರೇಕು ರೊಟ್ಟಿಯ ಹಾಗೆ ಬಂದಿತ್ತಂತೆ. ಇಳಿದವರು ಮುಂದಿನ ಕುರ್ಚಿ ನೋಡಿ ಅಲ್ಲೇ ನಿಂತರು.

"ಅಮ್ಮಾ... ನೀವು ಇಲ್ಲಿ?"

"ಅಲ್ಲಿ ಹಿಂದೆ ಕೂರಿಸಿದ್ರು, ಇಲ್ಲಿ ಮುಂದೆ ಕೂತಿದೀನಿ. ಸಾರೆ ಬೇಕೇನಪ್ಪ?"

"ಬೇಕು. ಬೋರ್ಡು ಹಾಗೇ ಇರ್ಲಿ, ಪರವಾಗಿಲ್ಲ. ಆದ್ರೆ ಮೊದಲ ಡಬ್ಬಿ ಮಾತ್ರ..." ಅಂದು ಅವರು ಮಂಗತಾಯಾರುವಿಗಾಗಿ ಅತ್ತಿತ್ತ ನೋಡಿದರು.

"ಇಲ್ಲಿರೋದು ಎರಡೇ ಕೈ. ನಂದು, ಅವಳದು" ಅಂದರು ಮಾಣಿಕ್ಯಮ್ಮ. "ಯಾವುದು ಬೇಕು ಹೇಳು."

ಹಿತ್ತಿಲ ಹೊಗೆಯೊಳಗಿಂದ ಮಂಗತಾಯಾರು ಕೂಗಿದಳು. "ನನ್ನ ಕಾಯ್ಬೇಡಿ, ನಾನು ರೇಕು ಎಳೆಯೋದು ಕಲೀತಿದೀನಿ! ಮುಂದೆ ಬರಲ್ಲ!"

ವೀರ್ರಾಜುಗಾರು ಆ ಮುದುಕಿಯ ಹಣೆ ನೋಡಿದರು. ನನ್ನ ಕೈಯ ಕಲೆ ನೋಡಿದರು. ತಲೆಯೆತ್ತಿ ಬೋರ್ಡು ನೋಡಿದರು. ಹೆಗಲ ಮೇಲಿನ ಅಂಗವಸ್ತ್ರ ತೆಗೆದು ಎರಡೂ ಕೈಯಲ್ಲಿ ಒಡ್ಡಿದರು. ನಾನು ಒಲೆಯ ಮುಂದಿನಿಂದ ಎದ್ದು, ಕೈಗೆ ಮೆತ್ತಿದ್ದ ಹಿಟ್ಟು ಒರೆಸಿಕೊಂಡು, ಮೊದಲ ಡಬ್ಬಿಯನ್ನು ಅದರಲ್ಲಿ ಇಟ್ಟೆ.